ದೆವ್ವಕ್ಕೂ ಒಂದು ಪಾಲು ಬರಬೇಕಿತ್ತು

ನನಗೊಂದು ಚಟವಿದೆ. ಇಂಗ್ಲೆಂಡಿನ ಹಳೇ ಬಂಗಲೆಗಳ ದೆವ್ವದ ಸಿನಿಮಾ ನೋಡುವುದು. ರಾತ್ರಿ ಊಟವಾದ ಮೇಲೆ ಮೊಬೈಲನ್ನು ದಿಂಬಿಗೆ ಒರಗಿಸಿ, ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂತರೆ ಮುಗಿಯಿತು. ಮಂಜು ಕವಿದ ದಾರಿ, ಕಬ್ಬಿಣದ ಗೇಟು, ನೂರು ಕಿಟಕಿಯ ಮನೆ, ಕ್ಯಾಂಡಲ್ ಹಿಡಿದು ಮೆಟ್ಟಿಲು ಹತ್ತುವ ಹೆಣ್ಣುಮಗಳು. ಒಂದು ಕಿವಿ ಯಾಕೆ ಖಾಲಿ ಅಂತೀರಾ? ನಿಜವಾಗಿಯೂ ಹಿಂದಿನಿಂದ ಯಾರಾದರೂ ಬಂದರೆ ಕೇಳಿಸಬೇಕಲ್ಲ!

ನನ್ನೂರು ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್. ರಾಗಿ ಹೊಲ, ತೆಂಗಿನ ತೋಟ, ಹುಣಸೆ ಮರ ಬಿಟ್ಟರೆ ಹೇಳಿಕೊಳ್ಳುವಂಥದ್ದು ಇರಲಿಲ್ಲ. ಈಗ 615 ಎಕರೆಯಲ್ಲಿ ಎಚ್‌ಎಎಲ್‌ನವರ ಹೆಲಿಕಾಪ್ಟರ್ ಕಾರ್ಖಾನೆ ಇದೆ. 2023ರ ಫೆಬ್ರುವರಿ 6ರಂದು ಪ್ರಧಾನಿಯವರೇ ಬಂದು ಉದ್ಘಾಟಿಸಿದರು. ಅಂಥ ಊರಿನಲ್ಲಿ ಕೂತು ಬ್ರಿಟಿಷ್ ಬಂಗಲೆಗಳ ದೆವ್ವದ ಬಗ್ಗೆ ತಲೆ ಕೆಡಿಸಿಕೊಳ್ಳುವ ನನ್ನನ್ನು ಗೆಳೆಯರು ಆಡಿಕೊಳ್ಳದೆ ಬಿಡುತ್ತಾರೆಯೇ? ‘ನಮ್ಮ ದೆವ್ವಗಳು ಸಾಲಲ್ಲವೇನೋ ನಿನಗೆ?’ ಎನ್ನುತ್ತಾರೆ.

ಅವರು ತಮಾಷೆಗೆ ಕೇಳಿದರೂ ಪ್ರಶ್ನೆ ಚೆನ್ನಾಗಿದೆ. ನಮ್ಮ ದೆವ್ವಕ್ಕೂ ಅವರ ದೆವ್ವಕ್ಕೂ ಏನು ವ್ಯತ್ಯಾಸ?

ಮೊದಲನೆಯದು ವಿಳಾಸ. ನಾನು ಚಿಕ್ಕಂದಿನಿಂದ ಕೇಳಿದ ದೆವ್ವಗಳೆಲ್ಲ ಮನೆಯ ಹೊರಗಿನವು. ಕೊಳ್ಳಿದೆವ್ವ ಬಯಲಿನಲ್ಲಿ, ಮೋಹಿನಿ ಹುಣಸೆ ಮರದಲ್ಲಿ, ಇನ್ನೊಂದು ಹಳ್ಳದ ದಂಡೆಯಲ್ಲಿ, ಮತ್ತೊಂದು ಪಾಳುಬಾವಿಯಲ್ಲಿ. ಇಂಗ್ಲೆಂಡಿನ ದೆವ್ವಕ್ಕೆ ಸ್ವಂತ ಕೋಣೆ, ಮಂಚ, ಕನ್ನಡಿ, ಪಿಯಾನೊ ಎಲ್ಲ ಇರುತ್ತದೆ. ಯೋಚಿಸಿದರೆ ಕಾರಣ ಸರಳವಾಗಿದೆ. ನಮ್ಮ ಮನೆಗೆ ನೆಂಟರು ಬಂದರೆ ನಾವು ಗಂಡಸರು ಜಗುಲಿಗೆ ಚಾಪೆ ಹೊರುತ್ತೇವೆ. ದೆವ್ವಕ್ಕೆಂದು ಬೀಗ ಹಾಕಿ ಬಿಡಲು ಕೋಣೆ ಎಲ್ಲಿಂದ ತರುವುದು? ಮನೆಯೊಳಗೆ ದೆವ್ವ ಇರಬೇಕಾದರೆ ಮೊದಲು ಹೆಚ್ಚುವರಿ ಕೋಣೆ ಇರಬೇಕು. ಕೋಣೆ ಇರಬೇಕಾದರೆ ಆಸ್ತಿ ಇರಬೇಕು.

ಆಸ್ತಿ ಎಂದೆನಲ್ಲ, ಈ ಸಿನಿಮಾಗಳ ಗುಟ್ಟು ಅಲ್ಲೇ ಇದೆ ಅನ್ನಿಸತೊಡಗಿತು. ಇಂಗ್ಲಿಷಿನ ಮೊದಲ ಗಾಥಿಕ್ ಕಾದಂಬರಿ ಎಂದು ಹೆಸರಾದದ್ದು ಹೊರೇಸ್ ವಾಲ್‌ಪೋಲ್ 1764ರಲ್ಲಿ ಪ್ರಕಟಿಸಿದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’. ಅದರ ಕಥೆ ಕೇಳಿ. ಮದುವೆಯ ದಿನವೇ ರಾಜಕುಮಾರನ ಮೇಲೆ ಆಕಾಶದಿಂದ ಬಿದ್ದಂತೆ ದೈತ್ಯ ಶಿರಸ್ತ್ರಾಣವೊಂದು ಬಿದ್ದು ಅವನು ಸಾಯುತ್ತಾನೆ. ಯಾಕೆ? ಅವನ ಮುತ್ತಜ್ಜ ನಿಜವಾದ ಒಡೆಯನಿಗೆ ವಿಷ ಹಾಕಿ ಕೋಟೆಯನ್ನು ಲಪಟಾಯಿಸಿದ್ದ. ಅಂದರೆ ಈ ಬಗೆಯ ಕಥೆಯ ಬೇರಿನಲ್ಲಿರುವುದೇ ಆಸ್ತಿ ಜಗಳ!

ಅಲ್ಲಿಂದ ಇಲ್ಲಿಯವರೆಗೆ ಅದೇ ಕಥೆ ಬೇರೆ ಬೇರೆ ಬಟ್ಟೆ ಹಾಕಿಕೊಂಡು ಬರುತ್ತಿದೆ. ಹ್ಯಾಮರ್ ಕಂಪನಿಯವರು 1959ರಲ್ಲಿ ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ ತೆಗೆದರು. ಪೀಟರ್ ಕುಶಿಂಗ್ ಅದರಲ್ಲಿ ಷೆರ್ಲಾಕ್ ಹೋಮ್ಸ್. ಹಿಂದೊಮ್ಮೆ ಬಂಗಲೆಯ ಒಡೆಯ ಬಡವರ ಮನೆಯ ಹುಡುಗಿಯೊಬ್ಬಳನ್ನು ಬೆನ್ನಟ್ಟಿ ಕೊಂದ. ಆ ಪಾಪ ನಾಯಿಯ ರೂಪದಲ್ಲಿ ವಂಶವನ್ನೇ ಕಾಡುತ್ತದೆ ಎಂಬ ನಂಬಿಕೆಯ ಕಥೆ ಅದು. ಕೊನೆಗೆ ಆ ನಾಯಿಯ ಹಿಂದೆ ಇರುವುದೂ ಬಂಗಲೆಯ ಮೇಲಿನ ಕಣ್ಣೇ.

2012ರಲ್ಲಿ ಬಂದ ‘ದಿ ವುಮನ್ ಇನ್ ಬ್ಲ್ಯಾಕ್’ ನಿಮಗೆ ಗೊತ್ತಿರಬಹುದು. ಹ್ಯಾರಿ ಪಾಟರ್ ಮುಗಿಸಿದ ಡೇನಿಯಲ್ ರ‍್ಯಾಡ್‌ಕ್ಲಿಫ್ ಯುವ ವಕೀಲನಾಗಿ ಬರುತ್ತಾನೆ. ಅವನು ದೆವ್ವ ಹುಡುಕಲು ಹೋದವನಲ್ಲ. ಸತ್ತುಹೋದ ಮನೆಯೊಡತಿಯ ಕಾಗದಪತ್ರ ಜೋಡಿಸಲು ಹೋದವನು. ಕಾಗದ ಓದುತ್ತ ಓದುತ್ತ ಅವನಿಗೆ ಗೊತ್ತಾಗುವುದೇನೆಂದರೆ, ಆ ಮನೆಯವರು ಒಬ್ಬ ತಾಯಿಯ ಕೈಯಿಂದ ಅವಳ ಮಗುವನ್ನು ಕಿತ್ತುಕೊಂಡಿದ್ದರು, ಆಮೇಲೆ ಆ ಮಗು ಕೆಸರಿನಲ್ಲಿ ಮುಳುಗಿ ಸತ್ತಿತ್ತು. ಕಪ್ಪು ಸೀರೆ ಬದಲು ಕಪ್ಪು ಗೌನು, ಅಷ್ಟೇ. ನಮ್ಮ ಕಡೆ ತಾಲ್ಲೂಕು ಕಚೇರಿಯಲ್ಲಿ ಹಳೇ ಪಹಣಿ ತೆಗೆಸಿದಾಗ ಹೊರಬೀಳುವ ಕಥೆಗಳಿಗೂ ಇದಕ್ಕೂ ಬಹಳ ದೂರವಿಲ್ಲ.

ಆದರೆ ನನ್ನ ಕಣ್ಣು ತೆರೆಸಿದ್ದು ಇವೆರಡೂ ಅಲ್ಲ. 1961ರ ಕಪ್ಪುಬಿಳುಪು ಸಿನಿಮಾ ‘ದಿ ಇನ್ನೊಸೆಂಟ್ಸ್’. ಜಾಕ್ ಕ್ಲೇಟನ್ ನಿರ್ದೇಶನ. ಹೆನ್ರಿ ಜೇಮ್ಸ್ 1898ರಲ್ಲಿ ಬರೆದ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಆಧರಿಸಿದ್ದು. ತಬ್ಬಲಿ ಮಕ್ಕಳಿಬ್ಬರನ್ನು ನೋಡಿಕೊಳ್ಳಲು ಡೆಬೊರಾ ಕೆರ್ ಆ ದೊಡ್ಡ ಬಂಗಲೆಗೆ ಟೀಚರಾಗಿ ಬರುತ್ತಾಳೆ. ಮಕ್ಕಳ ಚಿಕ್ಕಪ್ಪ ಲಂಡನ್ನಿನಲ್ಲಿ ಕೂತು ‘ಏನೇ ಆದರೂ ನನಗೆ ತೊಂದರೆ ಕೊಡಬೇಡ’ ಎಂದು ಮೊದಲೇ ಹೇಳಿ ಕಳಿಸಿರುತ್ತಾನೆ.

ಆ ದಿನ ಕರೆಂಟಿರಲಿಲ್ಲ. ಅಜ್ಜಿ ಪಕ್ಕದಲ್ಲೇ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ನಾನು ಆಗಾಗ ಕಥೆ ಹೇಳುತ್ತಿದ್ದೆ.

‘ಅದ್ಯಾರ‍್ಲಾ ಕಿಟಕಿಯಾಗೆ ನಿಂತಿರೋನು?’

‘ಸತ್ತೋದ ಆಳು, ಅಜ್ಜಿ.’

‘ಕೆರೆ ಹತ್ರ ಇರೋಳು?’

‘ಅವಳೂ ಸತ್ತೋದೋಳೇ. ಮೊದಲಿದ್ದ ಟೀಚರ್.’

‘ಈ ಮನೆ ಯಜಮಾನ ಎಲ್ಲವ್ನೆ?’

‘ಅವನು ಲಂಡನ್ನಲ್ಲಿದಾನೆ. ಮೊದಲು ಒಂದ್ಸಲ ಬಂದ, ಅಷ್ಟೇ. ಇನ್ನು ಬರಲ್ಲ.’

ಅಜ್ಜಿ ಬೀಜ ಬಿಡಿಸುವುದನ್ನು ನಿಲ್ಲಿಸಿದರು. ‘ಸತ್ತೋರೂ ಆಳುಗಳು, ಹೆದ್ರೋಳೂ ಸಂಬಳಕ್ ಬಂದೋಳು. ಯಜಮಾನಂಗೆ ಮಾತ್ರ ದೆವ್ವ ಕಾಣಾಕಿಲ್ವಾ?’

ಆ ಸಿನಿಮಾದ ಬಗ್ಗೆ ನಾನು ಓದಿದ್ದೆಲ್ಲ ಒಂದೇ ಪ್ರಶ್ನೆ ಕೇಳುತ್ತಿತ್ತು: ದೆವ್ವ ನಿಜವೋ, ಟೀಚರಮ್ಮನ ಭ್ರಮೆಯೋ? ಅಜ್ಜಿಯ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ಆ ಮನೆಯಲ್ಲಿ ದುಡಿದು ಸತ್ತವರು ಅಲ್ಲೇ ಸುತ್ತುತ್ತಿದ್ದಾರೆ. ಈಗ ದುಡಿಯುತ್ತಿರುವವಳು ಹೆದರಿ ಸಾಯುತ್ತಿದ್ದಾಳೆ. ಮನೆ ಯಾರದೋ ಅವನು ಆರಾಮಾಗಿದ್ದಾನೆ.

ಅಂದಿನಿಂದ ನಾನು ಈ ಸಿನಿಮಾಗಳನ್ನು ಬೇರೆ ರೀತಿ ನೋಡತೊಡಗಿದೆ. ದೆವ್ವ ಇದೆಯೋ ಇಲ್ಲವೋ ಬಿಡಿ. ಈ ಮನೆ ಯಾರಿಗೆ ಏನು ಬಾಕಿ ಉಳಿಸಿಕೊಂಡಿದೆ?

ನಿಜವಾದ ಬಂಗಲೆಗಳಿಗೂ ಈ ಪ್ರಶ್ನೆ ಹೊಂದುತ್ತದೆ. ಬ್ರಿಟನ್ನಿನಲ್ಲಿ ಹಳೇ ಬಂಗಲೆ, ಕೋಟೆ, ತೋಟಗಳನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯಿದೆ. 2020ರಲ್ಲಿ ಅದು ಒಂದು ವರದಿ ತಂದಿತು. ತನ್ನ ಕೈಯಲ್ಲಿರುವ 93 ತಾಣಗಳಿಗೆ ಗುಲಾಮರ ವ್ಯಾಪಾರದ ಅಥವಾ ವಸಾಹತು ಆಳ್ವಿಕೆಯ ನಂಟಿದೆ ಎಂದು ಒಪ್ಪಿಕೊಂಡಿತು. ಅಲ್ಲಿ ದೊಡ್ಡ ಗದ್ದಲವಾಯಿತು. ಹೀಗೆ ನಂಟಿರುವ ತಾಣಗಳಲ್ಲೊಂದು ವೇಲ್ಸಿನ ಪೋವಿಸ್ ಕೋಟೆ. ಅಲ್ಲಿ ಏನಿದೆ ಗೊತ್ತೇ? ನಮ್ಮ ಟಿಪ್ಪು ಸುಲ್ತಾನನ ಡೇರೆ. ಅವನ ಸಿಂಹಾಸನದ ಚಿನ್ನದ ಹುಲಿಮುಖಗಳಲ್ಲೊಂದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಎಡ್ವರ್ಡ್ ಕ್ಲೈವ್ ಮದರಾಸಿನ ಗವರ್ನರಾಗಿದ್ದ. ಅವನ ಕುಟುಂಬದ ಸಂಗ್ರಹದೊಂದಿಗೆ ಇವು ಅಲ್ಲಿ ಸೇರಿಕೊಂಡವು.

ಇದನ್ನು ಓದಿದಾಗ ನನ್ನೂರಿನ ಹೆಸರಿನ ಬಾಲ ನೆನಪಾಯಿತು. ಕಾವಲ್ ಎಂದರೆ ದನಗಳಿಗೆಂದು ಕಾದಿರಿಸಿದ ಹುಲ್ಲುಗಾವಲು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಅಮೃತ್ ಮಹಲ್ ಎಂದು ಹೆಸರಿಟ್ಟವನು ಇದೇ ಟಿಪ್ಪು. ಆ ದನಗಳಿಗಾಗಿ ಹಳೇ ಮೈಸೂರಿನ ಉದ್ದಗಲಕ್ಕೂ ಕಾವಲುಗಳಿದ್ದವು. ಅವನ ಡೇರೆ ವೇಲ್ಸಿನ ಕೋಟೆ ಸೇರಿತು. ದನಗಳು ಕಂಪನಿ ಸರ್ಕಾರದ ಫಿರಂಗಿ ಎಳೆಯಲು ಹೋದವು. ನನಗೂ ಇಂಗ್ಲಿಷ್ ಬಂಗಲೆಗೂ ಏನು ಸಂಬಂಧ ಎಂದು ಕೇಳುವ ಗೆಳೆಯರಿಗೆ ಈಗ ಇದನ್ನೇ ಹೇಳುತ್ತೇನೆ.

ಇನ್ನೊಂದು ಕಾಕತಾಳೀಯ ಸಂಗತಿ. ಎರಡನೇ ಮಹಾಯುದ್ಧದ ನಂತರ ವಾರಸಾ ತೆರಿಗೆ ಕಟ್ಟಲಾಗದೆ, ಆಳುಗಳು ಸಿಗದೆ ಇಂಗ್ಲೆಂಡಿನಲ್ಲಿ ನೂರಾರು ಬಂಗಲೆಗಳನ್ನು ಕೆಡವಿದರು. ಅವುಗಳಿಗಾಗಿ ಮರುಗುವಂಥ ದೊಡ್ಡ ಪ್ರದರ್ಶನವೊಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ನಡೆದದ್ದು 1974ರಲ್ಲಿ. ಅದೇ 1974ರ ಮಾರ್ಚ್ 1ರಂದು ನಮ್ಮಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಎಂದಿತು. ಒಂದು ಕಡೆ ಒಡೆಯರ ಮನೆ ಹೋಯಿತಲ್ಲಾ ಎಂಬ ದುಃಖ, ಇನ್ನೊಂದು ಕಡೆ ಗೇಣಿದಾರನಿಗೆ ಜಮೀನು ಬಂತು ಎಂಬ ಸಂಭ್ರಮ. ದೆವ್ವದ ಸಿನಿಮಾ ಯಾರ ಪರವಾಗಿ ನಿಂತು ನೋಡುತ್ತೇವೆ ಎಂಬುದು ಈ ಎರಡರಲ್ಲಿ ನಾವು ಯಾವ ಕಡೆಯವರು ಎಂಬುದರ ಮೇಲಿದೆ.

ಈಗ ನಮ್ಮ ಕನ್ನಡ ಸಿನಿಮಾಗಳಿಗೆ ಬರೋಣ. 1979ರ ‘ನಾ ನಿನ್ನ ಬಿಡಲಾರೆ’ ನೋಡಿ ನಮ್ಮಪ್ಪ ಒಂದು ವಾರ ಒಬ್ಬರೇ ಬಯಲಿಗೆ ಹೋಗಿರಲಿಲ್ಲವಂತೆ. ಅನಂತನಾಗ್ ಅಭಿನಯಕ್ಕೆ ಈಗಲೂ ಮೈ ಜುಮ್ಮೆನ್ನುತ್ತದೆ. 2004ರ ‘ಆಪ್ತಮಿತ್ರ’ವನ್ನು ಟಿ.ವಿಯಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಸೌಂದರ್ಯ ಅವರ ಆ ಕಣ್ಣು ಯಾರಿಗೆ ಮರೆಯುತ್ತದೆ? ಮಲಯಾಳದ ‘ಮಣಿಚಿತ್ರತ್ತಾಳ್’ (1993) ಕನ್ನಡಕ್ಕೆ ಬಂದದ್ದು ಹಾಗೆ. ಹಳೇ ಅರಮನೆ, ಬೀಗ ಹಾಕಿದ ಕೋಣೆ, ಅರಸನ ಕೈಯಲ್ಲಿ ಸಿಕ್ಕಿ ಸತ್ತ ನರ್ತಕಿ ನಾಗವಲ್ಲಿ. ಎಲ್ಲವೂ ಸರಿಯಾಗಿದೆ.

ನನ್ನ ತಕರಾರು ಕೊನೆಯ ದೃಶ್ಯದ ಬಗ್ಗೆ. ನಾಗವಲ್ಲಿ ಕೇಳುವುದು ಅರಸನನ್ನು. ಅವನು ಸತ್ತು ಎಷ್ಟೋ ಕಾಲವಾಗಿದೆ. ಹಾಗಾಗಿ ಡಾಕ್ಟರ್ ಉಪಾಯ ಮಾಡಿ ಗೊಂಬೆಯೊಂದನ್ನು ಮುಂದಿಟ್ಟು ಸೇಡು ತೀರಿತೆಂದು ನಂಬಿಸುತ್ತಾರೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ, ನಾವು ಚಪ್ಪಾಳೆ ತಟ್ಟುತ್ತೇವೆ. ವೈದ್ಯರಾಗಿ ಅವರು ಮಾಡಿದ್ದು ಸರಿಯೇ, ಒಂದು ಜೀವ ಉಳಿಯಿತು. ಆದರೆ ಸಿನಿಮಾ ಮುಗಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ನ್ಯಾಯ ಕೇಳಿದ ಹೆಣ್ಣಿಗೆ ನಾವು ಕೊಟ್ಟದ್ದು ಗೊಂಬೆಯನ್ನಲ್ಲವೇ? ಆಮೇಲೆ ಬಂದ ಎಷ್ಟೋ ಹಾರರ್ ಸಿನಿಮಾಗಳಲ್ಲಿ ಅಷ್ಟು ಕಥೆಯೂ ಇಲ್ಲ. ಬಾಗಿಲು ಕಿರ‍್ರೆನ್ನುತ್ತದೆ, ಬಿಳಿ ಮುಖ ಫಕ್ಕನೆ ಬರುತ್ತದೆ, ಕೊನೆಗೊಂದು ಹೋಮ. ಸತ್ತವಳು ಯಾರು, ಯಾಕೆ ಸತ್ತಳು ಎಂಬುದಕ್ಕೆ ಎರಡು ನಿಮಿಷದ ಫ್ಲ್ಯಾಶ್‌ಬ್ಯಾಕ್.

2022ರ ‘ಕಾಂತಾರ’ ನನಗೆ ಇಷ್ಟವಾದದ್ದು ಇದೇ ಕಾರಣಕ್ಕೆ. ದೈವ ದೆವ್ವವಲ್ಲ, ಅದು ಬೇರೆ ಮಾತು. ಆದರೆ ಹಿಂದೆ ರಾಜ ಜನರಿಗೆ ಕೊಟ್ಟ ಭೂಮಿಯನ್ನು ವಂಶದವರು ವಾಪಸ್ ಕೇಳಿದಾಗ ಏನಾಗುತ್ತದೆ ಎಂದು ಅದು ನೇರವಾಗಿ ಕೇಳಿತು. ಹೆದರಬೇಕಾದವರು ಯಾರು ಎಂಬ ಬಗ್ಗೆ ಅದಕ್ಕೆ ಗೊಂದಲವಿರಲಿಲ್ಲ.

ಸಿನಿಮಾದ ಮಾತು ಸಾಕು. ನಮ್ಮ ಮನೆಯ ಬಾವಿಯ ಮಾತಿಗೆ ಬರುತ್ತೇನೆ.

ನಮ್ಮ ತೋಟದ ಮೂಲೆಯಲ್ಲಿ ಪಾಳುಬಾವಿಯಿದೆ. ಪಕ್ಕದಲ್ಲಿ ಹುಣಸೆ ಮರ. ಸಂಜೆಯಾದ ಮೇಲೆ ಆ ಕಡೆ ಹೋಗಬಾರದು, ಅಲ್ಲಿ ‘ಅವಳು’ ಇದ್ದಾಳೆ ಎಂದು ಮಕ್ಕಳಿಗೆಲ್ಲ ಹೇಳುತ್ತಿದ್ದರು. ನಾನೂ ನನ್ನ ಚಿಕ್ಕಪ್ಪನ ಮಕ್ಕಳಿಗೆ ಹೇಳಿದ್ದೇನೆ, ಒಂದಿಷ್ಟು ಮಸಾಲೆ ಸೇರಿಸಿಯೇ. ಉದ್ದ ಕೂದಲು, ತಿರುಗಿದ ಪಾದ, ಅರ್ಧರಾತ್ರಿಯ ಬಳೆ ಸದ್ದು.

ಆ ಇಂಗ್ಲಿಷ್ ಸಿನಿಮಾ ನೋಡಿದ ಕೆಲವು ದಿನಗಳ ನಂತರ ಅಜ್ಜಿಯನ್ನು ಕೇಳಿದೆ. ‘ಬಾವಿಯಲ್ಲಿರೋದು ಯಾರಜ್ಜಿ?’ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು. ಅವಳು ಅಜ್ಜಿಯ ಓರಗಿತ್ತಿ, ಅಂದರೆ ತಾತನ ತಮ್ಮನ ಹೆಂಡತಿ. ಮದುವೆಯಾಗಿ ಮೂರನೇ ವರ್ಷಕ್ಕೆ ಗಂಡ ತೀರಿಕೊಂಡ. ಮಕ್ಕಳಿರಲಿಲ್ಲ. ತವರಿನವರು ಕರೆದರೂ ಹೋಗಲಿಲ್ಲ. ‘ನನ್ನ ಗಂಡನ ಪಾಲು ಬಿಡಿಸಿಕೊಡಿ, ಗೇಯ್ದುಕೊಂಡು ತಿನ್ನುತ್ತೇನೆ’ ಎಂದಳಂತೆ. ಆ ಮಾತಿಗೆ ಮನೆಯಲ್ಲಿ ಆರು ತಿಂಗಳು ಯಾರೂ ಅವಳ ಜೊತೆ ಮಾತಾಡಲಿಲ್ಲ. ಒಂದು ದಿನ ಬೆಳಿಗ್ಗೆ ಬಾವಿಯಲ್ಲಿ ಸಿಕ್ಕಳು.

‘ನೀನು ಮಾತಾಡ್ತಿದ್ದಾ ಅಜ್ಜಿ?’ ಎಂದೆ.

‘ನಾನೂ ಆಡ್ಲಿಲ್ಲ ಕಣ್ಲಾ’ ಎಂದರು.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಆಗಲೇ ಬಂದಿತ್ತು. ಗಂಡನ ಪಾಲಿನಲ್ಲಿ ಹೆಂಡತಿಗೆ ಹಕ್ಕಿದೆ ಎಂದು ಅದು ಹೇಳಿತ್ತು. ಅವಳು ಕೇಳಿದ್ದು ದಾನವಲ್ಲ. ಅವಳು ಸತ್ತ ಮೇಲೆ ಪಾಲಿನ ಮಾತು ಯಾರೂ ಎತ್ತಲಿಲ್ಲ, ದೆವ್ವದ ಮಾತು ಎಲ್ಲರೂ ಎತ್ತಿದರು. ಬಾವಿಯ ಕಥೆಯನ್ನು ನಾನು ಇಪ್ಪತ್ತು ವರ್ಷ ಕೇಳಿದ್ದೇನೆ. ಅವಳು ಬಾವಿಗೆ ಯಾಕೆ ಹೋದಳು ಎಂಬುದನ್ನು ಕೇಳಿದ್ದು ಅದೇ ಮೊದಲು. ಉದ್ದ ಕೂದಲು, ತಿರುಗಿದ ಪಾದ ಎಂದು ನಾನು ಸೇರಿಸುತ್ತಿದ್ದ ಮಸಾಲೆ ನೆನೆದು ನಾಚಿಕೆಯಾಯಿತು.

ಹಳೇ ಕಥೆ, ಈಗೇಕೆ ಕೆದಕುತ್ತೀಯ ಎನ್ನಬಹುದು. ಹಳೇದಾಗಿದ್ದರೆ ಕೆದಕುತ್ತಿರಲಿಲ್ಲ. ಕಾರ್ಖಾನೆ ಬಂದ ಮೇಲೆ ನಮ್ಮ ಕಡೆ ನಾಲ್ಕು ಜನ ಸೇರಿದರೆ ಜಮೀನಿನ ಮಾತೇ. ಯಾರು ಮಾರಿದರು, ಎಷ್ಟಕ್ಕೆ ಹೋಯಿತು, ಯಾರ ಖಾತೆ ಸರಿಯಿಲ್ಲ. ನಮ್ಮ ಮನೆಯಲ್ಲೂ ಈ ವರ್ಷ ಕಾಗದ ಸರಿ ಮಾಡಿಸುವ ಕೆಲಸ ಶುರುವಾಯಿತು. ಅಪ್ಪನಿಗೆ ಒಬ್ಬಳು ತಂಗಿ, ನನ್ನ ಅತ್ತೆ. ಕುಣಿಗಲ್ ಕಡೆಗೆ ಕೊಟ್ಟಿದ್ದಾರೆ. ಹಬ್ಬಕ್ಕೆ ಬಂದಾಗ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದೆಂದು ದೊಡ್ಡವರು ಮಾತಾಡಿಕೊಂಡಿದ್ದರು. ಹೊಸ ಸೀರೆ, ಅರಿಶಿನ ಕುಂಕುಮ, ಜೊತೆಗೊಂದು ಸಹಿ. ನಿಮ್ಮ ಮನೆಯಲ್ಲೂ ಹೀಗೆಯೇ ನಡೆದಿರಬಹುದು, ಒಮ್ಮೆ ನೆನಪಿಸಿಕೊಳ್ಳಿ.

ಅತ್ತೆ ಇಲ್ಲ ಎನ್ನಲಿಲ್ಲ. ‘ಯೋಚನೆ ಮಾಡಿ ಹೇಳ್ತೀನಿ’ ಎಂದರು. ಅಷ್ಟಕ್ಕೇ ಮನೆಯ ಗಾಳಿ ಬದಲಾಯಿತು. ಊಟಕ್ಕೆ ಕೂತಾಗ ಮಾತಿಲ್ಲ. ಯಾರೋ ಅಡುಗೆಮನೆಯಲ್ಲಿ ‘ತವರು ಹಾಳು ಮಾಡೋಕೆ ಬಂದಿರೋ ದೆವ್ವ’ ಎಂದದ್ದು ನನ್ನ ಕಿವಿಗೆ ಬಿತ್ತು.

ದೆವ್ವ! ಆ ಪದ ಕೇಳಿ ನನಗೆ ಹೆದರಿಕೆಯಾಯಿತು. ಯಾವ ಸಿನಿಮಾದಲ್ಲೂ ಹಾಗೆ ಹೆದರಿರಲಿಲ್ಲ.

ಕಾನೂನು ಈಗ ಸ್ಪಷ್ಟವಾಗಿದೆ. ನಮ್ಮ ರಾಜ್ಯ 1994ರಲ್ಲೇ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹಕ್ಕು ಕೊಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರಿಗೂ ಮಗನಷ್ಟೇ ಹಕ್ಕು ಕೊಟ್ಟಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಈ ಹಕ್ಕು ಇರುತ್ತದೆ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೂ ಕೇಳಿದವಳೇ ಕೆಟ್ಟವಳು.

ಇಲ್ಲಿ ನನ್ನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. 2018ರಲ್ಲಿ ಬಂದ ‘ದಿ ಲಿಟಲ್ ಸ್ಟ್ರೇಂಜರ್’ ಎಂಬ ಸಿನಿಮಾ ಇದೆ. ಅದರ ನಾಯಕ ಡಾಕ್ಟರ್ ಫ್ಯಾರಡೆ. ಅವನ ತಾಯಿ ಹಿಂದೆ ಆ ಬಂಗಲೆಯಲ್ಲಿ ಕೆಲಸದವಳಾಗಿದ್ದಳು. ಹುಡುಗನಾಗಿದ್ದಾಗ ಒಮ್ಮೆ ಅಲ್ಲಿಗೆ ಹೋಗಿ, ಗೋಡೆಯ ಅಲಂಕಾರದ ಒಂದು ತುಣುಕನ್ನು ಮುರಿದುಕೊಂಡಿರುತ್ತಾನೆ. ಅಷ್ಟು ಆಸೆ ಆ ಮನೆಯ ಮೇಲೆ. ದೊಡ್ಡವನಾದ ಮೇಲೆ ಮನೆಯವರಿಗೆ ಒಂದೊಂದೇ ಅನಾಹುತವಾಗುತ್ತದೆ. ಕಾಡುತ್ತಿರುವುದು ಸತ್ತವರೋ, ಈ ಸಭ್ಯ ಡಾಕ್ಟರನ ಆಸೆಯೋ ಎಂಬ ಅನುಮಾನ ನಮ್ಮನ್ನು ಬಿಡುವುದಿಲ್ಲ.

ಅತ್ತೆ ಸಹಿ ಹಾಕಿದರೆ ಲಾಭ ಯಾರಿಗೆ? ಅಪ್ಪನಿಗೆ, ಅಪ್ಪನ ನಂತರ ನನಗೆ. ಇಷ್ಟು ದಿನ ನಾನು ಬಂಗಲೆಯ ಆಳುಗಳ ಪರ ನಿಂತು ಸಿನಿಮಾ ನೋಡುತ್ತಿದ್ದೇನೆ ಎಂದುಕೊಂಡಿದ್ದೆ. ನಮ್ಮ ಸಣ್ಣ ಹೆಂಚಿನ ಮನೆಯ ಕಥೆಯಲ್ಲಿ ನಾನು ವಾರಸುದಾರ. ಲಂಡನ್ನಿನಲ್ಲಿ ಕೂತ ಚಿಕ್ಕಪ್ಪನ ಹಾಗೆ ‘ನನಗೆ ತೊಂದರೆ ಕೊಡಬೇಡಿ, ಓದಿಕೊಳ್ಳಬೇಕು’ ಎಂದು ಪುಸ್ತಕ ಹಿಡಿದು ಕೂರುವುದು ನನಗೂ ಸುಲಭವಿತ್ತು.

ಮಾರನೆಯ ದಿನ ಅಪ್ಪನಿಗೆ ಹೇಳಿದೆ. ‘ಅತ್ತೆ ಪಾಲು ಅತ್ತೆಗೇ ಇರಲಿ. ನನಗೆ ಅದು ಬೇಡ.’ ಅಪ್ಪ ಬೈಯಲಿಲ್ಲ. ಹೂಂ ಎನ್ನಲೂ ಇಲ್ಲ. ‘ನಿನಗೇನು ಗೊತ್ತು ಸಾಲದ ಕಷ್ಟ’ ಎಂದು ಎದ್ದು ತೋಟಕ್ಕೆ ಹೋದರು. ಅವರ ಮಾತಿನಲ್ಲೂ ಸತ್ಯವಿದೆ. ಬೋರ್‌ವೆಲ್ ಸಾಲ, ತೆಂಗಿನ ರೋಗ ಎಲ್ಲ ಅವರ ತಲೆಯ ಮೇಲೇ ಇದೆ. ಪತ್ರ ಈಗಲೂ ಸಹಿಯಿಲ್ಲದೆ ಟ್ರಂಕಿನಲ್ಲಿದೆ. ಅಜ್ಜಿ ಮಾತ್ರ ಆವತ್ತು ರಾತ್ರಿ ಅತ್ತೆಯ ಪಕ್ಕ ಕೂತು ಊಟ ಮಾಡಿದರು. ಏನೇನೋ ಮಾತಾಡಿದರು, ಮಳೆ, ಎಮ್ಮೆ, ಕುಣಿಗಲ್ಲಿನ ಸಂತೆ. ಆಡದೆ ಉಳಿಸಿಕೊಂಡಿದ್ದ ಆರು ತಿಂಗಳ ಮಾತನ್ನು ಈಗ ಆಡುತ್ತಿದ್ದಾರೆ ಅನ್ನಿಸಿತು.

ಕನ್ನಡದಲ್ಲಿ ದೆವ್ವದ ಸಿನಿಮಾ ಮಾಡಬೇಕೆಂದಿರುವ ಅಣ್ಣಂದಿರೇ, ಅಕ್ಕಂದಿರೇ, ಅರಮನೆಯ ಬಾಡಿಗೆಗೆ ದುಡ್ಡು ಸುರಿಯಬೇಡಿ. ಒಂದು ಪಾಳುಬಾವಿ, ಒಂದು ಹುಣಸೆ ಮರ, ಸಹಿಗಾಗಿ ಕಾಯುತ್ತಿರುವ ಒಂದು ಕಾಗದ ಸಾಕು. ಆದರೆ ಅವಳು ಯಾಕೆ ಸತ್ತಳು ಎಂಬುದಕ್ಕೆ ಎರಡು ನಿಮಿಷ ಸಾಲದು, ಇಡೀ ಸಿನಿಮಾ ಕೊಡಿ.

ಓದುಗರಿಗೂ ಒಂದು ಮಾತು. ನಿಮ್ಮ ಊರಲ್ಲೂ ಇಂಥ ಬಾವಿ, ಮರ, ಬೀಗ ಹಾಕಿದ ಮನೆ ಇದ್ದೇ ಇರುತ್ತದೆ. ಮುಂದಿನ ಸಲ ಅಲ್ಲಿ ದೆವ್ವ ಇದೆ ಎಂದು ಯಾರಾದರೂ ಹೇಳಿದರೆ ಅವಳ ಹೆಸರು ಕೇಳಿ. ಅವಳಿಗೆ ಏನು ಬರಬೇಕಿತ್ತು ಎಂದೂ ಕೇಳಿ. ನಾನು ಅಜ್ಜಿಯಿಂದ ಹೆಸರು ಕೇಳಿ ತಿಳಿದುಕೊಂಡಿದ್ದೇನೆ. ಇಲ್ಲಿ ಬರೆಯುವುದಿಲ್ಲ, ಅದು ಮೊದಲು ನಮ್ಮ ಮನೆಯಲ್ಲಿ ಗಟ್ಟಿಯಾಗಿ ಹೇಳಬೇಕಾದ ಹೆಸರು. ಈಗ ಸಂಜೆ ಹೊತ್ತು ಆ ಕಡೆ ಹೋಗಲು ನನಗೆ ಭಯವಿಲ್ಲ. ಚಿಕ್ಕಪ್ಪನ ಮಕ್ಕಳಿಗೆ ಆ ಕಥೆಯನ್ನು ಮೊದಲಿನಿಂದ, ಸರಿಯಾಗಿ ಹೇಳುವ ಕೆಲಸವೊಂದು ಬಾಕಿಯಿದೆ.